ಅನೊರೆಕ್ಸಿಯಾ ಇರುವ ಮಕ್ಕಳಲ್ಲಿ ಆಟಿಸಂ ಎಷ್ಟು? ಶೇ 4 ಅಂತಲೂ ಇದೆ, ಶೇ 52 ಅಂತಲೂ ಇದೆ

ಕಂಬಳಿಹುಳು (ಪ್ರಶ್ನೆ)

ಹದಿಹರೆಯದವರ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕರಿಗಾಗಿ ಒಂದು ತರಬೇತಿ ಟಿಪ್ಪಣಿ ಬರೆಯಬೇಕಿದೆ. ವಿಷಯ: ಈಟಿಂಗ್ ಡಿಸಾರ್ಡರ್ (ಊಟದ ನಡವಳಿಕೆ ಕೆಡುವ ಮಾನಸಿಕ ಕಾಯಿಲೆ) ಮತ್ತು ಆಟಿಸಂ (ಬೆರೆಯುವ, ಸಂವಹಿಸುವ ರೀತಿಯಲ್ಲಿ ಹುಟ್ಟಿನಿಂದಲೇ ಇರುವ ಭಿನ್ನತೆ) ಎರಡೂ ಇರುವ ಮಕ್ಕಳು. ಓದಿದಷ್ಟೂ ಗೋಜಲು. ಇವೆರಡಕ್ಕೂ ನಂಟಿದೆಯೇ ಎಂದು ಸ್ವೀಡನ್ನಿನ ಕ್ರಿಸ್ಟೋಫರ್ ಗಿಲ್‌ಬರ್ಗ್ 1983ರಲ್ಲೇ ಕೇಳಿದ್ದರು. ನಲವತ್ತು ವರ್ಷ ಕಳೆದ ಮೇಲೂ, ಅನೊರೆಕ್ಸಿಯಾ (ದಪ್ಪಗಾಗುವ ಭಯದಿಂದ ಊಟ ಬಿಟ್ಟು ತೂಕ ಇಳಿಯುವ ಕಾಯಿಲೆ) ಇರುವವರಲ್ಲಿ ಎಷ್ಟು ಮಂದಿಗೆ ಆಟಿಸಂ ಇದೆ ಅಂದರೆ ಒಂದು ಲೇಖನದಲ್ಲಿ ಶೇ 4, ಇನ್ನೊಂದರಲ್ಲಿ ಶೇ 52.5. ಇಷ್ಟು ಅಂತರ ಇಟ್ಟುಕೊಂಡು ಟಿಪ್ಪಣಿಯಲ್ಲಿ ಏನಂತ ಬರೆಯೋದು?

ಎರಡನೆಯ ಗೊಂದಲ. ತೂಕ ತೀರಾ ಇಳಿದಿರುವ 15 ವರ್ಷದ ಹುಡುಗಿಗೆ ಆಟಿಸಂ ಪ್ರಶ್ನಾವಳಿಯಲ್ಲಿ ಅಂಕ ಜಾಸ್ತಿ ಬಂತು ಅಂದುಕೊಳ್ಳಿ. ಅದು ಉಪವಾಸದ ಪರಿಣಾಮವೋ, ಹುಟ್ಟಿನಿಂದ ಇರುವ ಆಟಿಸಂ ಲಕ್ಷಣವೋ? ಬೇರ್ಪಡಿಸುವುದು ಹೇಗೆ? ಮೂರನೆಯದು, ಆಟಿಸಂ ಇರುವ ಮಗು ಊಟ ಬಿಟ್ಟರೆ ಅದು ಅನೊರೆಕ್ಸಿಯಾವೋ ಆರ್ಫಿಡ್ಡೋ (ತೂಕದ ಚಿಂತೆಯಿಲ್ಲದೆ ಊಟ ಕುಗ್ಗುವ ಕಾಯಿಲೆ) ಅಂತ ತಟ್ಟೆಯ ಮುಂದೆ ಕೂತು ಹೇಗೆ ಗುರುತಿಸೋದು?

‘ತಜ್ಞರನ್ನು ಕಾಣಿ’ ಅನ್ನೋ ಉತ್ತರ ದಯವಿಟ್ಟು ಬೇಡ. ಅದು ಮೊದಲ ಪುಟದಲ್ಲೇ ಇದೆ.

---

ಎಣಿಕೆಗಾರ

ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಆ ಎರಡು ಅಂಕಿಗಳೂ ಸುಳ್ಳಲ್ಲ, ಆದರೆ ಅವು ಅಳೆದದ್ದು ಒಂದೇ ವಸ್ತುವನ್ನಲ್ಲ. 4ರಿಂದ 52.5 ಅನ್ನುವುದು ವೆಸ್ಟ್‌ವುಡ್ ಮತ್ತು ಚಾಂಟೂರಿಯಾ 2017ರಲ್ಲಿ ಮಾಡಿದ ವಿಮರ್ಶೆಯಲ್ಲಿ ಬರುತ್ತದೆ. ಬೇರೆ ಬೇರೆ ಅಧ್ಯಯನಗಳ ಕನಿಷ್ಠ ಮತ್ತು ಗರಿಷ್ಠ, ಅಷ್ಟೇ. ಅದಕ್ಕೂ ಮುಂಚೆ 2013ರಲ್ಲಿ ಹ್ಯೂಕ್ ಮತ್ತು ಸಂಗಡಿಗರು ಲಭ್ಯ ಅಧ್ಯಯನಗಳನ್ನು ಸೇರಿಸಿ ಸರಾಸರಿ ಶೇ 22.9 ಎಂದಿದ್ದರು. ‘ಐವರಲ್ಲಿ ಒಬ್ಬರಿಗೆ’ ಅಂತ ಎಲ್ಲ ಕಡೆ ಕಾಣುವ ಮಾತು ಹೆಚ್ಚುಕಡಿಮೆ ಇಲ್ಲಿಂದ ಹೊರಟದ್ದು.

ಅಂತರ ಹುಟ್ಟುವುದು ಮುಖ್ಯವಾಗಿ ಅಳತೆಗೋಲಿನಿಂದ. ಎಕ್ಯೂ-10 ಅನ್ನುವುದು ಆಟಿಸಂ ಲಕ್ಷಣಗಳ ಬಗ್ಗೆ ಹತ್ತು ಪ್ರಶ್ನೆಗಳ ಸ್ವಯಂ ವರದಿ. 6 ಅಥವಾ ಹೆಚ್ಚು ಬಂದರೆ ‘ಪೂರ್ಣ ಪರೀಕ್ಷೆಗೆ ಕಳಿಸಿ’ ಎಂದು ಅರ್ಥ, ಆಟಿಸಂ ಇದೆ ಎಂದಲ್ಲ. ಇದನ್ನೇ ರೋಗನಿರ್ಣಯ ಅಂತ ಎಣಿಸಿದರೆ ಅಂಕಿ ಉಬ್ಬುತ್ತದೆ. ಎಡಾಸ್-2 ಅನ್ನುವುದು 40ರಿಂದ 60 ನಿಮಿಷ ಎದುರಿಗೆ ಕೂತು ಮಾತು, ಕಣ್ಣೋಟ, ಮುಖಭಾವ, ಕೈಸನ್ನೆಗಳನ್ನು ನೋಡಿ ಅಂಕ ಕೊಡುವ ಕ್ರಮ. ಅದಕ್ಕೆ ಕಾಣುವುದು ಇವತ್ತಿನ ಮಗು ಮಾತ್ರ. ಬಳಲಿದ, ಮುಖದಲ್ಲಿ ಕಳೆಯಿಲ್ಲದ, ಒಂದೊಂದೇ ಪದದಲ್ಲಿ ಉತ್ತರಿಸುವ ಮಗುವಿಗೆ ಅಲ್ಲಿ ಅಂಕ ಏರುವುದು ಸಹಜ. ಎಡಿಐ-ಆರ್ ಅಥವಾ 3ಡಿಐ ಎಂಬ ಸಂದರ್ಶನಗಳು ಪೋಷಕರ ಹತ್ತಿರ ಬಾಲ್ಯದ ಬಗ್ಗೆ ಕೇಳುತ್ತವೆ. ಎಡಾಸ್‌ನಲ್ಲಿ ಮಿತಿ ದಾಟಿದವರೆಲ್ಲ ಇಲ್ಲಿ ದಾಟುವುದಿಲ್ಲ. ಎರಡನ್ನೂ ದಾಟಿದವರನ್ನಷ್ಟೇ ಎಣಿಸಿದರೆ ಪ್ರಮಾಣ ಗಣನೀಯವಾಗಿ ಇಳಿಯುತ್ತದೆ.

ಮಾದರಿ ಎಲ್ಲಿಂದ ಬಂತು ಅನ್ನುವುದೂ ಮುಖ್ಯ. ಒಳರೋಗಿ ವಾರ್ಡಿನಿಂದ ಆರಿಸಿದರೆ ಅಂಕಿ ಮೇಲೆ, ಸಮುದಾಯದಿಂದ ಆರಿಸಿದರೆ ಕೆಳಗೆ. ದೀರ್ಘಕಾಲ ಗುಣವಾಗದವರೇ ವಾರ್ಡಿನಲ್ಲಿ ಉಳಿಯುತ್ತಾರೆ, ಅವರಲ್ಲಿ ಆಟಿಸಂ ಪ್ರಮಾಣ ಹೆಚ್ಚು.

ಟಿಪ್ಪಣಿಗೆ ಒಂದೇ ಅಧ್ಯಯನ ಆರಿಸಿ ಅಂದರೆ ಸ್ವೀಡನ್ನಿನ ಯೋಥೆಬೋರ್ಗ್ (ಗೋಥೆನ್‌ಬರ್ಗ್) ನಗರದ್ದನ್ನು ಆರಿಸಿ. 1985ರಲ್ಲಿ ಶುರುವಾದದ್ದು. ಹದಿಹರೆಯದಲ್ಲಿ ಅನೊರೆಕ್ಸಿಯಾ ಬಂದ 51 ಮಂದಿ, ಅವರಿಗೆ ವಯಸ್ಸು, ಲಿಂಗ, ಶಾಲೆ ಹೊಂದುವ ಇನ್ನೊಂದು 51 ಮಂದಿ. ಆಸ್ಪತ್ರೆಗೆ ಬಂದವರನ್ನಷ್ಟೇ ಹಿಡಿಯದೆ ಸಮುದಾಯದಿಂದಲೇ ಹುಡುಕಿದ್ದು. 6, 10, 18, 30 ವರ್ಷಗಳ ನಂತರ ಮತ್ತೆ ಮತ್ತೆ ನೋಡಿದ್ದಾರೆ. ತೂಕ ಸರಿಹೋದ ಮೇಲೂ ಆಟಿಸಂ ಲಕ್ಷಣ ಉಳಿದ ಗುಂಪು ಸ್ಪಷ್ಟವಾಗಿ ಕಂಡದ್ದು ಇದರಿಂದಲೇ. ಆ ಗುಂಪಿನ ಮುಂದಿನ ಬದುಕು, ಕೆಲಸ, ಮಾನಸಿಕ ಆರೋಗ್ಯ ಉಳಿದವರಿಗಿಂತ ಹಿಂದೆ ಬಿದ್ದದ್ದೂ ದಾಖಲಾಗಿದೆ. ಕೊರತೆಯೆಂದರೆ 51 ಅನ್ನುವುದು ಸಣ್ಣ ಸಂಖ್ಯೆ, ಅದರಲ್ಲಿ ಹುಡುಗರು ಮೂವರೇ.

‘ಯಾವುದು ಮೊದಲು’ ಅನ್ನುವುದಕ್ಕೆ ಸೊಲ್ಮಿ ತಂಡದ ಬ್ರಿಟಿಷ್ ಅಧ್ಯಯನ ನೋಡಿ. 5,381 ಮಕ್ಕಳು, 7ನೇ ವಯಸ್ಸಿನಲ್ಲಿ ತಾಯಂದಿರು ತುಂಬಿದ ಪ್ರಶ್ನಾವಳಿ, 14ನೇ ವಯಸ್ಸಿನಲ್ಲಿ ಮಕ್ಕಳೇ ಹೇಳಿದ ಊಟದ ನಡವಳಿಕೆ: ಉಪವಾಸ, ವಾಂತಿ ಮಾಡಿಕೊಳ್ಳುವುದು, ಕಟ್ಟುನಿಟ್ಟಿನ ಪಥ್ಯ, ಮಿತಿಮೀರಿ ತಿನ್ನುವುದು. ಏಳಕ್ಕೇ ಆಟಿಸಂ ಸ್ವಭಾವದ ಅಂಕ ಒಂದು ಮೆಟ್ಟಿಲು ಹೆಚ್ಚಿದ್ದವರಲ್ಲಿ ಹದಿನಾಲ್ಕಕ್ಕೆ ವಾರಕ್ಕೊಮ್ಮೆಯಾದರೂ ಇಂಥ ನಡವಳಿಕೆ ಇರುವ ಆಡ್ಸ್ (ಇರುವವರ ಸಂಖ್ಯೆಯನ್ನು ಇಲ್ಲದವರ ಸಂಖ್ಯೆಯಿಂದ ಭಾಗಿಸಿದ್ದು) ಶೇ 24 ಹೆಚ್ಚು. ಉಪವಾಸ ಶುರುವಾಗುವ ಎಷ್ಟೋ ವರ್ಷ ಮೊದಲೇ ಸ್ವಭಾವ ಅಳೆದದ್ದರಿಂದ ‘ಎಲ್ಲವೂ ಹಸಿವಿನ ಪರಿಣಾಮ’ ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ.

ಆ 24 ಅಂಕಿಯನ್ನು ಬರೆಯುವಾಗ ಹುಷಾರು. ನೂರಕ್ಕೆ 24 ಮಕ್ಕಳಿಗೆ ಬರುತ್ತದೆ ಅಂತ ಅಲ್ಲ. ಲೆಕ್ಕಕ್ಕಾಗಿ, ಒಂದು ಗುಂಪಿನಲ್ಲಿ 100ಕ್ಕೆ 10 ಮಕ್ಕಳಿಗೆ ಇದೆ ಎಂದಿಟ್ಟುಕೊಂಡರೆ, ಆಡ್ಸ್ ಶೇ 24 ಏರಿದಾಗ ಅದು ಸುಮಾರು 12 ಆಗುತ್ತದೆ. ಪತ್ರಿಕೆಗಳ ತಲೆಬರಹ ಹಾಳಾಗುವುದು ಯಾವಾಗಲೂ ಇದೇ ಜಾಗದಲ್ಲಿ.

---

ನಾಡಿಮಿಡಿತ

ಎರಡನೆಯದಕ್ಕೆ. ಉಪವಾಸ ಮನುಷ್ಯನನ್ನು ಹೇಗೆ ಬದಲಿಸುತ್ತದೆ ಅನ್ನೋದಕ್ಕೆ ಹಳೆಯ, ಇವತ್ತಿಗೂ ಮೀರಿಸಲಾಗದ ಪುರಾವೆ 1944–45ರ ಮಿನೆಸೋಟ ಪ್ರಯೋಗ. ಆನ್ಸೆಲ್ ಕೀಸ್ ನೇತೃತ್ವ, 36 ಆರೋಗ್ಯವಂತ ಗಂಡಸರು, 24 ವಾರ ಅರೆಹೊಟ್ಟೆ, ತೂಕದಲ್ಲಿ ಸುಮಾರು ಕಾಲುಭಾಗ ಇಳಿಕೆ. ಗೆಳೆಯರ ಸಹವಾಸ ಬಿಟ್ಟರು, ನಗು ಹೋಯಿತು, ತಟ್ಟೆಯಲ್ಲಿದ್ದುದನ್ನು ಚೂರುಚೂರು ಮಾಡಿ ಗಂಟೆಗಟ್ಟಲೆ ತಿಂದರು, ಅಡುಗೆ ಪುಸ್ತಕ ಕೂಡಿಹಾಕಿದರು. ಆಟಿಸಂ ಪ್ರಶ್ನಾವಳಿ ಆಗ ಇದ್ದು ಅವರಿಗೆ ಕೊಟ್ಟಿದ್ದರೆ ಕೆಲವರಾದರೂ ಮಿತಿ ದಾಟುತ್ತಿದ್ದರೋ ಏನೋ. ಹಾಗಾಗಿ ತೂಕ ತಳಮಟ್ಟದಲ್ಲಿರುವಾಗ ಬಂದ ಅಂಕವನ್ನು ‘ತಾತ್ಕಾಲಿಕ’ ಅಂತಲೇ ಬರೆದಿಡಿ. ಆದರೆ ಬರೆದಿಡಿ. ‘ಮೊದಲು ತೂಕ ಬರಲಿ, ಆಮೇಲೆ ನೋಡೋಣ’ ಅಂತ ಬಿಟ್ಟರೆ, ಆಟಿಸಂಗೆ ಹೊಂದದ ಚಿಕಿತ್ಸೆಯಲ್ಲಿ ತೂಕವೇ ಬರದೆ ಒಂದು ವರ್ಷ ಕಳೆದುಹೋಗುತ್ತದೆ.

ಬೇರ್ಪಡಿಸುವ ದಾರಿ ಒಂದೇ: ಕಾಯಿಲೆಗೆ ಮುಂಚಿನ ಮಗುವನ್ನು ಹುಡುಕುವುದು. ತೂಕ ಇಳಿಯಲು ಶುರುವಾದ ತಿಂಗಳನ್ನು ಮೊದಲು ಗುರುತು ಹಾಕಿಕೊಳ್ಳಿ, ಅದಕ್ಕಿಂತ ಹಿಂದಿನದನ್ನು ಮಾತ್ರ ಕೇಳಿ. 4–5 ವರ್ಷದಲ್ಲಿ ಬೇರೆ ಮಕ್ಕಳ ಜೊತೆ ಹೇಗೆ ಆಡುತ್ತಿತ್ತು? ಒಂದೇ ಗೆಳತಿಗೆ ಅಂಟಿಕೊಂಡು ಅವಳು ಶಾಲೆ ಬಿಟ್ಟಾಗ ಕುಸಿದದ್ದುಂಟೇ? ಅಂಗಿಯ ಒಳಗಿನ ಲೇಬಲ್, ಸಾಕ್ಸಿನ ಹೊಲಿಗೆ, ಮಿಕ್ಸಿಯ ಸದ್ದು ತಡೆಯಲಾಗುತ್ತಿತ್ತೇ? ದಾರಿ ಬದಲಾದರೆ, ಶಿಕ್ಷಕರು ಬದಲಾದರೆ ಎಷ್ಟು ದಿನ ಬೇಕಾಗುತ್ತಿತ್ತು? ಶಾಲೆಯಲ್ಲಿ ‘ಬಹಳ ಒಳ್ಳೆ ಹುಡುಗಿ’, ಮನೆಗೆ ಬಂದೊಡನೆ ಸ್ಫೋಟ, ಹೀಗಿತ್ತೇ? ಈ ಕೊನೆಯದನ್ನು ಹೆಣ್ಣುಮಕ್ಕಳ ವಿಷಯದಲ್ಲಿ ಬಿಡಲೇಬಾರದು. ಎದುರಿನವರನ್ನು ನೋಡಿ ನಕಲು ಮಾಡಿ ಮುಚ್ಚಿಡುವ ಮಕ್ಕಳು ಪ್ರಾಥಮಿಕ ಶಾಲೆ ಪೂರ್ತಿ ಯಾರ ಕಣ್ಣಿಗೂ ಬೀಳದೆ ದಾಟುತ್ತಾರೆ. ತಾಯಿ ತಂದೆ ನೆನಪಿನಿಂದ ಹೇಳುವುದು ಮಸುಕಾಗಿರುತ್ತದೆ, ಹಳೆಯ ಶಾಲಾ ವರದಿ ಮತ್ತು ಮನೆಯ ವಿಡಿಯೋ ತರಲು ಹೇಳಿ. ಹುಟ್ಟುಹಬ್ಬದ ಎರಡು ನಿಮಿಷದ ವಿಡಿಯೋ ಅರ್ಧ ಗಂಟೆಯ ಸಂದರ್ಶನಕ್ಕಿಂತ ಹೆಚ್ಚು ಹೇಳುವುದುಂಟು.

ಇನ್ನು ನೀವು ಕೇಳದೇ ಇದ್ದರೂ ಸೇರಿಸಲೇಬೇಕಾದದ್ದು. ಆಪ್ತಸಮಾಲೋಚಕರು ‘ಮಾತಾಡಿ ನೋಡೋಣ’ ಅನ್ನದೆ ಅದೇ ದಿನ ಆಸ್ಪತ್ರೆಗೆ ಕಳಿಸಬೇಕಾದ ಗುರುತುಗಳು: ಹಗಲು ಎಚ್ಚರವಿದ್ದಾಗ ನಾಡಿ ಬಡಿತ ನಿಮಿಷಕ್ಕೆ 50ಕ್ಕಿಂತ ಕಡಿಮೆ, ರಕ್ತದೊತ್ತಡ 90/45ಕ್ಕಿಂತ ಕೆಳಗೆ, ಎದ್ದು ನಿಂತಾಗ ಮೇಲಿನ ಒತ್ತಡ 20ಕ್ಕಿಂತ ಹೆಚ್ಚು ಕುಸಿಯುವುದು, ದೇಹದ ಉಷ್ಣತೆ 35.6 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ, ತಲೆಸುತ್ತಿ ಬೀಳುವುದು, ಊಟ ಅಥವಾ ನೀರನ್ನು ಪೂರ್ತಿ ನಿಲ್ಲಿಸಿರುವುದು. ನಿಂತು ಅಳೆಯುವ ಮುಂಚೆ ಐದು ನಿಮಿಷ ಮಲಗಿಸಿರಬೇಕು. ಓಡೋಡಿ ಬಂದ ಮಗುವಿನ ನಾಡಿ 70 ಇದ್ದರೆ ಅದರಲ್ಲಿ ಏನೂ ಸಮಾಧಾನವಿಲ್ಲ.

ಆಟಿಸಂ ಇರುವ ಮಕ್ಕಳಲ್ಲಿ ಇದು ಇನ್ನಷ್ಟು ಅಪಾಯ, ಏಕೆಂದರೆ ದೇಹದ ಒಳಗಿನ ಸೂಚನೆ ಅವರಿಗೆ ಸರಿಯಾಗಿ ತಲುಪದೇ ಇರಬಹುದು. ‘ತಲೆ ಸುತ್ತುತ್ತಾ?’ ಅಂದರೆ ‘ಇಲ್ಲ’ ಅಂತಾರೆ, ಆದರೆ ಗೋಡೆ ಹಿಡಿದು ನಡೆಯುತ್ತಿರುತ್ತಾರೆ. ಕೇಳುವ ಬದಲು ಅಳೆಯಿರಿ. ರಕ್ತದೊತ್ತಡದ ಪಟ್ಟಿ ಉಬ್ಬುವ ಮುಂಚೆ ಎಷ್ಟು ಬಿಗಿಯುತ್ತದೆ, ಎಷ್ಟು ಸೆಕೆಂಡು ಅಂತ ಹೇಳಿ. ಸೂಜಿಗೆ ಒಂದು ಗಂಟೆ ಮೊದಲು ಮರಗಟ್ಟಿಸುವ ಕ್ರೀಮ್ ಹಚ್ಚಿ. ಇದಿಷ್ಟು ಮಾಡದೆ ಹಿಡಿದು ರಕ್ತ ತೆಗೆದರೆ ಮುಂದಿನ ಆರು ತಿಂಗಳು ಆ ಮಗು ಬಾಗಿಲು ದಾಟಿ ಒಳಗೆ ಬರುವುದಿಲ್ಲ.

ತುಂಬ ದಿನ ತಿನ್ನದವರಿಗೆ ಮನೆಯಲ್ಲಿ ಒಮ್ಮೆಲೇ ಭರ್ಜರಿ ಊಟ ಕೊಡಿಸಲು ಹೇಳಬೇಡಿ. ಮರುಪೋಷಣೆಯ ಮೊದಲ ದಿನಗಳಲ್ಲಿ, ಅದರಲ್ಲೂ ಮೊದಲ 72 ಗಂಟೆಯಲ್ಲಿ, ರಕ್ತದ ಫಾಸ್ಫೇಟ್ ಹಠಾತ್ ಕುಸಿಯಬಹುದು. ಇನ್ಸುಲಿನ್ ಏರಿದಾಗ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದ ಒಳಗೆ ನುಗ್ಗುತ್ತವೆ, ಹೃದಯದ ಲಯ ತಪ್ಪುತ್ತದೆ. ಅದಕ್ಕೇ ದಿನಾ ರಕ್ತ ನೋಡುತ್ತಾ ಊಟ ಏರಿಸುವುದು, ಥಯಾಮಿನ್ (ವಿಟಮಿನ್ ಬಿ1) ಕೊಡುವುದು.

---

ತಟ್ಟೆಲೋಟ

ಮೂರನೆಯದು ನನ್ನ ಪಾಲಿಗಿರಲಿ. ಆರ್ಫಿಡ್ ಅಮೆರಿಕದ ಮನೋರೋಗ ಕೈಪಿಡಿಯಾದ ಡಿಎಸ್ಎಂ-5ಕ್ಕೆ ಬಂದದ್ದು 2013ರಲ್ಲಿ, ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ಕ್ಕೂ ಬಂತು. ತೂಕ, ಆಕಾರದ ಬಗ್ಗೆ ಚಿಂತೆಯಿಲ್ಲದೆ ಊಟ ಕುಗ್ಗಿ, ತೂಕವೋ ಪೋಷಣೆಯೋ ಸಾಮಾಜಿಕ ಬದುಕೋ ಕೆಟ್ಟರೆ ಅದು ಆರ್ಫಿಡ್. ಇದರ ಬೇರು ಮೂರು ಥರ: ಹದ, ವಾಸನೆ, ಬಣ್ಣ ತಡೆಯಲಾಗದ್ದು, ಹಸಿವೂ ಆಸಕ್ತಿಯೂ ಇಲ್ಲದ್ದು, ಉಸಿರುಕಟ್ಟುತ್ತದೆ, ವಾಂತಿಯಾಗುತ್ತದೆ ಅನ್ನುವ ಭಯ. ಒಂದೇ ಮಗುವಿನಲ್ಲಿ ಮೂರೂ ಇರಬಹುದು. ಒಟ್ಟು ಅಧ್ಯಯನಗಳನ್ನು ಸೇರಿಸಿದ ಇತ್ತೀಚಿನ ವಿಶ್ಲೇಷಣೆಯೊಂದರಲ್ಲಿ ಆರ್ಫಿಡ್ ಇರುವವರಲ್ಲಿ ಸುಮಾರು ಶೇ 16ಕ್ಕೆ ಆಟಿಸಂ, ಆಟಿಸಂ ಇರುವವರಲ್ಲಿ ಸುಮಾರು ಶೇ 11ಕ್ಕೆ ಆರ್ಫಿಡ್ ಕಂಡಿದೆ.

ಮೇಯಸ್ ಮತ್ತು ಜಿಕ್‌ಗ್ರಾಫ್ 2019ರಲ್ಲಿ ಕೊಟ್ಟ ಶೇ 70.4 ಅನ್ನುವ ಅಂಕಿಯನ್ನು ಇದರ ಜೊತೆ ಬೆರೆಸಬೇಡಿ. ಅದು ಆಟಿಸಂ ಇರುವ ಮಕ್ಕಳಲ್ಲಿ ‘ಅಸಾಮಾನ್ಯ ಊಟದ ನಡವಳಿಕೆ’ಯ ಪ್ರಮಾಣ (ಬೆಳವಣಿಗೆಯ ತೊಂದರೆ ಇಲ್ಲದ ಮಕ್ಕಳಲ್ಲಿ ಶೇ 4.8). ಒಂದೇ ಬ್ರಾಂಡಿನ ಬಿಸ್ಕತ್ತು ಬೇಕು ಅನ್ನುವುದೂ ಅದರೊಳಗೆ ಬರುತ್ತದೆ. ಎಲ್ಲವೂ ಕಾಯಿಲೆಯಲ್ಲ.

ತಟ್ಟೆಯ ಮುಂದೆ ಗುರುತಿಸೋದು ಹೇಗೆ ಅಂದರೆ, ಏನು ಬಿಟ್ಟಿದ್ದಾರೆ ಅನ್ನುವುದಕ್ಕಿಂತ ಏನು ಉಳಿಸಿಕೊಂಡಿದ್ದಾರೆ ನೋಡಿ. ಹದದ ತೊಂದರೆ ಇರುವ ಮಗುವಿನ ಪಟ್ಟಿಯಲ್ಲಿ ಚಿಪ್ಸ್, ಬಿಸ್ಕತ್ತು, ಒಣ ಬ್ರೆಡ್ ಉಳಿದಿರುತ್ತವೆ, ಹಣ್ಣು ತರಕಾರಿ ಹೋಗಿರುತ್ತವೆ. ತೂಕದ ಭಯ ಇರುವ ಮಗುವಿನ ಪಟ್ಟಿಯಲ್ಲಿ ಮೊದಲು ಹೋಗುವುದೇ ಚಿಪ್ಸ್, ಬಿಸ್ಕತ್ತು. ಸೌತೆಕಾಯಿ, ಸೇಬು ಉಳಿದಿರುತ್ತವೆ. ಯಾಕೆ ಬಿಸ್ಕತ್ತು? ಒಂದು ಪ್ಯಾಕೆಟ್ ಒಡೆದರೆ ಮೊದಲನೆಯದೂ ಕೊನೆಯದೂ ಒಂದೇ ಬಣ್ಣ, ಒಂದೇ ಸದ್ದು, ಒಂದೇ ರುಚಿ. ದ್ರಾಕ್ಷಿ ಗೊಂಚಲು ತೆಗೆದುಕೊಳ್ಳಿ: ಒಂದು ಸಿಹಿ, ಪಕ್ಕದ್ದು ಹುಳಿ, ಮೂರನೆಯದು ಒಳಗೆ ಮೆತ್ತಗೆ ಲೋಳೆ. ಪ್ರತಿ ತುತ್ತೂ ಜೂಜು. ಈ ಮಕ್ಕಳು ಬೇಡ ಅನ್ನುವುದು ಆ ಜೂಜನ್ನು.

ಎರಡೂ ಒಟ್ಟಿಗಿರುವ ಮಕ್ಕಳೂ ಇದ್ದಾರೆ, ಮರೆಯಬೇಡಿ. ಚಿಕ್ಕಂದಿನಿಂದ ಹತ್ತೇ ಪದಾರ್ಥ ತಿನ್ನುತ್ತಿದ್ದ ಮಗುವಿಗೆ ಹದಿಮೂರಕ್ಕೆ ದಪ್ಪಗಾಗುವ ಭಯ ಅಂಟಿದರೆ ಆ ಹತ್ತರಲ್ಲಿ ಐದು ಹೋಗುತ್ತವೆ. ಮೊದಲು ತಿನ್ನುತ್ತಿದ್ದ ಐದು ಪದಾರ್ಥಗಳು ತಿಂಗಳುಗಳಿಂದ ಮಾಯವಾಗಿವೆ ಅನ್ನುವುದೇ ಸುಳಿವು.

ಕೆಲಸ ಹೀಗೆ ಶುರುಮಾಡಿ. ಏಳು ದಿನ ತಿಂದದ್ದನ್ನೆಲ್ಲ ಬರೆಸಿ: ಬ್ರಾಂಡ್, ಆಕಾರ, ಬಿಸಿಯೋ ತಣ್ಣಗೋ, ಯಾವ ತಟ್ಟೆ, ಎಲ್ಲಿ ಕೂತು, ಪಕ್ಕದಲ್ಲಿ ಯಾರು. ಎಷ್ಟು ಗ್ರಾಂ ಅನ್ನುವುದು ಆಮೇಲೆ, ಅದರಲ್ಲೂ ಅನೊರೆಕ್ಸಿಯಾ ಗುಮಾನಿ ಇದ್ದರೆ ಮಗುವಿನ ಕೈಲಿ ಗ್ರಾಂ ಬರೆಸಲೇಬೇಡಿ. ತೂಕ ಕಡಿಮೆ ಇದ್ದರೆ ವೈವಿಧ್ಯದ ಗೊಡವೆಗೆ ಹೋಗದೆ, ಈಗಾಗಲೇ ಒಪ್ಪಿರುವುದನ್ನೇ ಹೆಚ್ಚು ಸಲ, ಹೆಚ್ಚು ಪ್ರಮಾಣದಲ್ಲಿ ಕೊಡಿ. ತರಕಾರಿ ಕಾಯಬಹುದು, ಹೃದಯ ಕಾಯುವುದಿಲ್ಲ.

ವೈವಿಧ್ಯಕ್ಕೆ ಬಂದಾಗ ಒಂದು ಸಲಕ್ಕೆ ಒಂದೇ ಗುಣ ಬದಲಿಸಿ. ಅದೇ ಬ್ರಾಂಡಿನ ಬಿಸ್ಕತ್ತು, ಆಕಾರ ಬೇರೆ. ಅದು ರೂಢಿಯಾದ ಮೇಲೆ ಅದೇ ಆಕಾರ, ಬ್ರಾಂಡ್ ಬೇರೆ. ಹೊಸದನ್ನು ಪ್ರತ್ಯೇಕ ಸಣ್ಣ ತಟ್ಟೆಯಲ್ಲಿ, ಕಡಲೆಕಾಳಿನಷ್ಟೇ ಇಡಿ. ಹಳೆಯ ತಟ್ಟೆ ಮುಟ್ಟಬೇಡಿ. ನೋಡುವುದು, ಮುಟ್ಟುವುದು, ಮೂಸುವುದು, ತುಟಿಗೆ ತಾಗಿಸುವುದು, ಕಚ್ಚಿ ಉಗಿಯುವುದು, ಪ್ರತಿಯೊಂದೂ ಒಂದೊಂದು ಮೆಟ್ಟಿಲು. ಉಗಿಯಲು ಪೇಪರ್ ಪಕ್ಕದಲ್ಲೇ ಇರಬೇಕು; ಉಗಿಯಬಹುದು ಅಂತ ಗೊತ್ತಿದ್ದರೆ ಬಾಯಿಗೆ ಹಾಕಿಕೊಳ್ಳುವ ಧೈರ್ಯ ಬರುತ್ತದೆ. ಒಂದೇ ಪದಾರ್ಥವನ್ನು ಹತ್ತು ಹದಿನೈದು ಸಲ ತೋರಿಸಿದ ಮೇಲೂ ಆಗಲಿಲ್ಲ ಅಂದರೆ ಪಕ್ಕಕ್ಕಿಟ್ಟು ಬೇರೆ ಆರಿಸಿ.

ಎಲ್ಲಿ ಕೆಡುತ್ತದೆ? ಒಪ್ಪಿರುವ ಪದಾರ್ಥದೊಳಗೆ ಮಾತ್ರೆ ಪುಡಿ, ಪ್ರೋಟೀನ್ ಪುಡಿ ಕದ್ದು ಬೆರೆಸಿದಾಗ. ನಾಲಿಗೆಗೆ ಗೊತ್ತಾಗುತ್ತದೆ, ಆ ಪದಾರ್ಥ ಪಟ್ಟಿಯಿಂದ ಶಾಶ್ವತವಾಗಿ ಹೋಗುತ್ತದೆ, ಕೊಟ್ಟವರ ಮೇಲಿನ ನಂಬಿಕೆಯೂ ಹೋಗುತ್ತದೆ. ‘ಹಸಿವಾದರೆ ತಾನೇ ತಿಂತಾರೆ’ ಅಂತ ಉಪವಾಸ ಕೆಡವಿದಾಗಲೂ ಅಷ್ಟೇ, ಹಸಿವಿನ ಸೂಚನೆಯೇ ಮಂದವಾಗಿರುವ ಮಗುವಿಗೆ ಈ ಲೆಕ್ಕಾಚಾರ ನಡೆಯುವುದಿಲ್ಲ. ಇನ್ನೊಂದು, ತೂಕ ಸರಿ ಇದೆ ಅಂತ ಸುಮ್ಮನಾಗುವುದು. ಚಿಪ್ಸ್, ಬ್ರೆಡ್ಡಿನಲ್ಲಿ ತೂಕ ನಿಲ್ಲುತ್ತದೆ, ವಿಟಮಿನ್ ಸಿ ನಿಲ್ಲುವುದಿಲ್ಲ. ಕಾಲುನೋವು, ಕುಂಟು, ನಡೆಯಲು ನಿರಾಕರಣೆ, ಒಸಡಿನಲ್ಲಿ ರಕ್ತ ಇದ್ದು, ಮೂಳೆ ಕೀಲು ಎಲ್ಲ ತಪಾಸಣೆ ಮುಗಿದ ಮೇಲೆ ಅದು ಸ್ಕರ್ವಿ ಅಂತ ತಿಳಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ವಿಟಮಿನ್ ಎ, ಡಿ, ಬಿ12, ಕಬ್ಬಿಣಾಂಶವನ್ನೂ ನೋಡಿಸಿ.

---

ಗಾಳಿಪಟ

ಹಾಗಾದರೆ ಆಟಿಸಂ ಇದೆ ಅಂತ ಗೊತ್ತಾದ ಮೇಲೆ ತೂಕ ಏರಿಸುವ ಒತ್ತಡ ಬಿಟ್ಟುಬಿಡಬಹುದಲ್ಲವೇ? ಅದು ಅವರ ಸ್ವಭಾವ, ಹೊಂದಿಕೊಂಡು ಹೋಗೋಣ ಅನ್ನುವ ನಿಲುವು ಈಗ ಹಲವು ಕಡೆ ಕಾಣುತ್ತಿದೆ.

---

ಮೌನಕೋಣೆ

ಗಾಳಿಪಟ ಅವರೇ, ಇಲ್ಲ. ಬ್ರೆಡ್ಡಿನ ಅಂಚು ಕತ್ತರಿಸಿ ಕೊಡುವುದು ಹೊಂದಾಣಿಕೆ. ನಾಡಿ 44 ಇರುವಾಗ ಊಟ ಬಿಡಲು ಬಿಡುವುದು ಹೊಂದಾಣಿಕೆಯಲ್ಲ. ಗುರಿ ಅದೇ ಇರುತ್ತದೆ, ದಾರಿ ಬದಲಾಗುತ್ತದೆ.

ದಾರಿ ಬದಲಿಸಿದ ಉದಾಹರಣೆಗಳಲ್ಲಿ ಚೆನ್ನಾಗಿ ದಾಖಲಾಗಿರುವುದು ಲಂಡನ್ನಿನ ಪೀಸ್ ಪಾತ್‌ವೇ. ಮಾಡ್ಸ್ಲಿ ಆಸ್ಪತ್ರೆಯ ಸೇವೆಯಲ್ಲಿ ಕೇಟ್ ಚಾಂಟೂರಿಯಾ ತಂಡ ಕಟ್ಟಿದ್ದು. ವಾರ್ಡಿನ ಗೋಡೆ, ಬೆಳಕು, ಸದ್ದು ಬದಲಿಸಿದರು. ಮಾಮೂಲಿ ಊಟದ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟರು: ಪೋಷಣೆ ಅಷ್ಟೇ, ಆದರೆ ರುಚಿ ಸಪ್ಪೆ, ಬಣ್ಣ ಹದ ಊಹಿಸಬಹುದಾದದ್ದು. ಪ್ರತಿಯೊಬ್ಬರಿಗೂ ಒಂದು ಪುಟದ ಸಂವಹನ ಪತ್ರ: ಯಾವ ಸದ್ದು ಆಗದು, ಸುಸ್ತಾದಾಗ ಹೇಗೆ ಕಾಣುತ್ತೇನೆ, ಮಾತಾಡಬೇಕೋ ಬರೆದು ಕೊಡಬೇಕೋ. ಪಾಳಿ ಬದಲಾದಾಗ ಹೊಸ ನರ್ಸ್ ಅದನ್ನು ಓದಿಕೊಂಡು ಒಳಗೆ ಬರುತ್ತಾರೆ.

ಹದಿಹರೆಯದ ಅನೊರೆಕ್ಸಿಯಾಗೆ ಮೊದಲ ಆಯ್ಕೆ ಈಗಲೂ ಕುಟುಂಬ ಆಧಾರಿತ ಚಿಕಿತ್ಸೆಯೇ. ತಂದೆ ತಾಯಿ ಊಟದ ಹೊಣೆ ಹೊತ್ತು, ಗುಣವಾದಂತೆ ಹಂತಹಂತವಾಗಿ ಮಗುವಿಗೆ ವಾಪಸ್ ಕೊಡುವುದು. ಸುಮಾರು ಒಂದು ವರ್ಷದಲ್ಲಿ 18–20 ಭೇಟಿ. ಆಟಿಸಂ ಇದ್ದರೆ ಇದನ್ನು ಬಿಡಬೇಕಿಲ್ಲ, ಒಳಗಿನ ಕೆಲವು ತಿರುಪು ಬದಲಿಸಬೇಕು. ‘ಸ್ವಲ್ಪ ಜಾಸ್ತಿ ತಿನ್ನು’ ಅನ್ನಬಾರದು, ‘ಎರಡರ ಬದಲು ಮೂರು ಹೋಳು’ ಅನ್ನಬೇಕು. ಊಟದ ಹೊತ್ತು 8 ಅಂದರೆ 8. ಮುಂದಿನ ವಾರ ಪ್ರಮಾಣ ಏರುತ್ತದೆ ಅಂದರೆ ಯಾವ ದಿನ, ಎಷ್ಟು ಅಂತ ಬರೆದು ಗೋಡೆಗೆ ಅಂಟಿಸಬೇಕು. ಊಟದ ಮೇಜಿನಲ್ಲಿ ಮಾತು ಬೇಡವಾದರೆ ಬೇಡ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಿಂದರೆ ಅದು ಅವಿಧೇಯತೆಯಲ್ಲ. ಕಣ್ಣು ನೋಡಿ ಮಾತಾಡು ಅನ್ನಬೇಡಿ.

ಊಟದ ಪಟ್ಟಿಯೇ ಹೊಸ ಕಟ್ಟಳೆಯಾಗುವುದು ಇಲ್ಲಿಯ ದೊಡ್ಡ ಹಳ್ಳ. ತೂಕ ಬಂದ ಮೇಲೂ, ಆಸ್ಪತ್ರೆ ಬಿಟ್ಟು ಎರಡು ವರ್ಷವಾದ ಮೇಲೂ, ಅದೇ ಪಟ್ಟಿಯನ್ನು ಗ್ರಾಂ ತಪ್ಪದೆ ತಿನ್ನುವವರಿರುತ್ತಾರೆ. ಮೊದಲ ದಿನವೇ ಪಟ್ಟಿಯ ಮೇಲೆ ಮುಕ್ತಾಯದ ದಿನಾಂಕ ಹಾಕಿ, ಆ ದಿನದ ನಂತರದ ಪಟ್ಟಿ ಹೇಗಿರುತ್ತದೆ ಅಂತಲೂ ತೋರಿಸಿ. ವಾರಕ್ಕೊಂದು ‘ಬದಲಿ ಊಟ’ವನ್ನು ನಿಯಮದೊಳಗೇ ಸೇರಿಸಿ. ನಿಯಮ ಮುರಿಯುವುದಕ್ಕಿಂತ ನಿಯಮದೊಳಗೆ ಬದಲಾವಣೆ ಸೇರಿಸುವುದು ಇವರಿಗೆ ಸುಲಭ.

‘ನಿನಗೆ ಏನನಿಸುತ್ತೆ?’ ಅನ್ನುವ ಪ್ರಶ್ನೆಯ ಮೇಲೆ ನಿಂತ ಚಿಕಿತ್ಸೆ ಸೋಲುತ್ತದೆ. ಕಿನೇರ್ಡ್ ತಂಡದ 2019ರ ವಿಶ್ಲೇಷಣೆಯಂತೆ, ತನ್ನ ಭಾವನೆ ಯಾವುದೆಂದು ಗುರುತಿಸಿ ಹೆಸರಿಡಲಾಗದ ಸ್ಥಿತಿ ಆಟಿಸಂ ಇರುವವರಲ್ಲಿ ಸುಮಾರು ಶೇ 50, ಉಳಿದವರಲ್ಲಿ ಶೇ 5. ‘ಗೊತ್ತಿಲ್ಲ’ ಅಂದರೆ ನಿಜವಾಗಿಯೂ ಗೊತ್ತಿಲ್ಲ. 0ರಿಂದ 10ರ ಪಟ್ಟಿ, ಮೈಯಲ್ಲಿ ಎಲ್ಲಿ ಬಿಗಿಯುತ್ತದೆ ಅನ್ನುವ ಚಿತ್ರ, ಎರಡು ಆಯ್ಕೆಯ ಪ್ರಶ್ನೆ ಕೊಡಿ. ಗುಂಪು ಚಿಕಿತ್ಸೆಯನ್ನು ಐಚ್ಛಿಕವಾಗಿಡಿ. ಗುಂಪಿನಲ್ಲಿ ಹೇಗೆ ಕೂರಬೇಕು ಅನ್ನುವುದರಲ್ಲೇ ಅವರ ಶಕ್ತಿಯೆಲ್ಲ ಖರ್ಚಾಗುತ್ತದೆ.

ಪ್ರಶ್ನಾವಳಿಗಳ ಬಗ್ಗೆ ಎಣಿಕೆಗಾರರು ಆಟಿಸಂ ಕಡೆಯಿಂದ ಹೇಳಿದರು, ಊಟದ ಕಡೆಯಿಂದಲೂ ಅದೇ ಕಥೆ. ಇಡಿಇ-ಕ್ಯೂನಂಥ ಈಟಿಂಗ್ ಡಿಸಾರ್ಡರ್ ಪ್ರಶ್ನಾವಳಿಗಳು ತೂಕ ಆಕಾರದ ಚಿಂತೆಯ ಸುತ್ತ ಕಟ್ಟಿದವು. ವಾಸನೆಗಾಗಿ ಊಟ ಬಿಟ್ಟ ಮಗು ಎಲ್ಲಕ್ಕೂ ‘ಇಲ್ಲ’ ಅಂದು ಸೊನ್ನೆಯ ಹತ್ತಿರ ಅಂಕ ತೆಗೆಯುತ್ತದೆ, ಅಷ್ಟರಲ್ಲಿ ತೂಕ ಕುಸಿದಿರುತ್ತದೆ. ಊಟಕ್ಕೆ ನಿಯಮ ಇಟ್ಟುಕೊಂಡಿದ್ದೀಯಾ ಅನ್ನುವಂಥ ಪ್ರಶ್ನೆಗೆ, ಕೆಂಪು ತಟ್ಟೆಯಲ್ಲೇ ತಿನ್ನುವ ಮಗು ‘ಹೌದು’ ಅಂದು ಸುಳ್ಳು ಅಂಕ ಪಡೆಯುತ್ತದೆ. ಆಟಿಸಂಗೆಂದೇ ಮಾಡಿದ 60 ಪ್ರಶ್ನೆಯ ಸ್ವೀಡಿಶ್ ಸ್ವೀಯಾ ಇದೆ. ಆರ್ಫಿಡ್‌ಗೆ 9 ಪ್ರಶ್ನೆಯ ನಿಯಾಸ್, ಪೂರ್ಣ ಸಂದರ್ಶನ ಬೇಕಾದರೆ ಪಾರ್ಡಿ. ಏನೇ ಕೊಟ್ಟರೂ ಪ್ರತಿ ‘ಹೌದು’ ನಂತರ ‘ಯಾಕೆ?’ ಅಂತ ಒಂದು ಸಾಲು ಬರೆಸಿಕೊಳ್ಳಿ. ಅಂಕಕ್ಕಿಂತ ಆ ಸಾಲು ಬೆಲೆಬಾಳುತ್ತದೆ. ‘ಕ್ಯಾಲರಿ ಎಣಿಸ್ತೀನಿ’ ಅಂದ ಹುಡುಗಿ ಸಣ್ಣಗಾಗಲು ಎಣಿಸುತ್ತಿರಬಹುದು, ಅಂಕಿ ಕೂಡಿಸುವುದು ಹಿತವಾಗಿರುವುದಕ್ಕೂ ಎಣಿಸುತ್ತಿರಬಹುದು. ಹೃದಯಕ್ಕೆ ಎರಡೂ ಒಂದೇ, ಚಿಕಿತ್ಸೆಯ ಮಾತಿಗೆ ಬೇರೆ ಬೇರೆ.

---

ಎಣಿಕೆಗಾರ

ಒಂದು ಸೇರ್ಪಡೆ. ಮೇಲಿನ ಅಂಕಿಗಳಲ್ಲಿ ಬಹುಪಾಲು ಅನೊರೆಕ್ಸಿಯಾ ಇರುವ ಹೆಣ್ಣುಮಕ್ಕಳದ್ದು. ಬುಲಿಮಿಯಾ (ಮಿತಿಮೀರಿ ತಿಂದು ವಾಂತಿ ಮುಂತಾದವುಗಳಿಂದ ಹೊರಹಾಕುವ ಕಾಯಿಲೆ), ಮಿತಿಮೀರಿ ತಿನ್ನುವ ಕಾಯಿಲೆಯಲ್ಲಿ ಆಟಿಸಂ ಬಗ್ಗೆ ಸಂಶೋಧನೆ ತೀರಾ ತೆಳು. ಹುಡುಗರ ಮಟ್ಟಿಗೂ ಹಾಗೇ. ‘ಈಟಿಂಗ್ ಡಿಸಾರ್ಡರ್ ಇರುವವರಲ್ಲಿ ಇಷ್ಟು’ ಅಂತ ಬರೆಯಬೇಡಿ, ‘ಅನೊರೆಕ್ಸಿಯಾ ಇರುವವರಲ್ಲಿ’ ಅಂತ ಬರೆಯಿರಿ.

---

ನಾಡಿಮಿಡಿತ

ಹುಡುಗರ ಮಾತು ಬಂದದ್ದಕ್ಕೆ: ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ಸ್ಥಿತಿ) ಮೀಥೈಲ್‌ಫೆನಿಡೇಟ್ ತೆಗೆದುಕೊಳ್ಳುತ್ತಿದ್ದಾರಾ ಕೇಳಿ. ಹಸಿವು ಇಂಗಿಸುವ ಮಾತ್ರೆ ಅದು. ಮಧ್ಯಾಹ್ನ ಏನೂ ತಿನ್ನದೆ, ರಾತ್ರಿ ಮಾತ್ರೆಯ ಪ್ರಭಾವ ಇಳಿದಾಗ ಒಮ್ಮೆಲೇ ತಿನ್ನುವುದನ್ನು ಬಿಂಜ್ (ಮಿತಿಮೀರಿ ತಿನ್ನುವ ಕಾಯಿಲೆಯ ಲಕ್ಷಣ) ಅಂತ ಬರೆದುಬಿಡುತ್ತಾರೆ. ಮಾತ್ರೆಗೆ ಮುಂಚೆ ಹೊಟ್ಟೆತುಂಬ ತಿಂಡಿ ಕೊಟ್ಟು, ತೂಕ ಎತ್ತರ ನಿಯಮಿತವಾಗಿ ಬರೆದಿಟ್ಟು, ಪ್ರಮಾಣದ ವಿಚಾರ ಬರೆದುಕೊಟ್ಟ ವೈದ್ಯರ ಜೊತೆ ಮಾತಾಡಲಿ. ತಾವಾಗಿಯೇ ನಿಲ್ಲಿಸುವುದು ಬೇಡ.

---

ಕಂಬಳಿಹುಳು

ಎಲ್ಲರಿಗೂ ಧನ್ಯವಾದ. ಟಿಪ್ಪಣಿಯ ಪೋಷಕರ ಹಾಳೆಯಲ್ಲಿ ಮೊದಲ ಪ್ರಶ್ನೆ ‘ನಿಮ್ಮ ಮಗು ಊಟದಲ್ಲಿ ಚೂಸಿಯೇ? ಹೌದು / ಇಲ್ಲ’ ಅಂತ ಇತ್ತು. ಇದನ್ನು ಹೇಗೆ ತಿದ್ದಲಿ?

---

ತಟ್ಟೆಲೋಟ

ತೆಗೆದುಹಾಕಿ. ಆ ಜಾಗದಲ್ಲಿ ಮೂರು ಸಾಲು ಹಾಕಿ: ‘ಕಳೆದ 7 ದಿನದಲ್ಲಿ ತಿಂದ ಪದಾರ್ಥಗಳನ್ನೆಲ್ಲ ಬರೆಯಿರಿ. ಒಂದು ವರ್ಷದ ಹಿಂದೆ ತಿನ್ನುತ್ತಿದ್ದು ಈಗ ಬಿಟ್ಟಿರುವುದು ಯಾವುವು, ಯಾವ ತಿಂಗಳಿಂದ? ಇಷ್ಟದ ಪದಾರ್ಥದ ಬ್ರಾಂಡ್ ಸಿಗದೇ ಹೋದ ದಿನ ಏನಾಯಿತು?’ ಕೊನೆಯದಕ್ಕೆ ಕನಿಷ್ಠ ಆರು ಗೆರೆ ಜಾಗ ಬಿಡಿ, ಪೋಷಕರು ಅಲ್ಲೇ ಹೆಚ್ಚು ಬರೆಯುತ್ತಾರೆ.